ಉಪ್ಪನ ರಿಪೋರ್ಟಿನಲ್ಲಿದ್ದ ಬ್ಲಾಕ್ ನಂಬರ್

ಮೊನ್ನೆ ಶುಕ್ರವಾರ ಜುಮಾ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಉಪ್ಪಳದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಅವಳ ಮಾವನ ಲ್ಯಾಬ್ ರಿಪೋರ್ಟ್. ನಾನು ಕೈ ತೊಳೆಯುವಷ್ಟರಲ್ಲಿ ಫೋನೂ ಬಂತು.

"ಇಚ್ಚಾ, ಇದರಲ್ಲಿ ‘ವೈಲ್ಡ್ ಟೈಪ್’ ಅಂತ ಉಂಟು. ವೈಲ್ಡ್ ಅಂದ್ರೆ ಕಾಡಲ್ವಾ? ಮಾವನ ಕಾಯಿಲೆ ಅಷ್ಟು ಜೋರಾ?"

ಆಮೇಲೆ ಸ್ವರ ತಗ್ಗಿಸಿ ಇನ್ನೊಂದು ಕೇಳಿದಳು. "ಇದು ಜೀನ್ ಟೆಸ್ಟ್ ಅಂತೆ. ನನ್ನ ಮಕ್ಕಳಿಗೂ ಬರ್ತದಾ?"

ಈ ಎರಡು ಪ್ರಶ್ನೆಗಳು ನನಗೆ ಹೊಸತಲ್ಲ. 2018ರಲ್ಲಿ ನಮ್ಮ ಮನೆಯಲ್ಲೇ ಇವನ್ನು ಕೇಳಿದ್ದೇನೆ. ಅವತ್ತು ಉತ್ತರ ಹೇಳಬೇಕಾಗಿದ್ದವನೂ ನಾನೇ. ಆ ಕಥೆಯನ್ನು ಇದುವರೆಗೆ ಎಲ್ಲೂ ಬರೆದಿಲ್ಲ. ಈಗ ಬರೆಯುತ್ತೇನೆ. ನಮ್ಮವರಲ್ಲಿ ಅನೇಕರ ಮನೆಗೆ ಇಂಥ ಕಾಗದ ಬಂದಿರಬಹುದು, ಮುಂದೆ ಬರಲೂಬಹುದು. ಮನೆಯ ಮಾತೆಲ್ಲ ಬ್ಯಾರಿಯಲ್ಲೇ ನಡೆದದ್ದು. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಟೆಕ್ನೀಷಿಯನ್. ಮಂಜೇಶ್ವರದಿಂದ ದಿನಾ ಹೋಗಿ ಬರುತ್ತೇನೆ. ಆಪರೇಷನ್ನಿನಲ್ಲಿ ತೆಗೆದ ಮಾಂಸದ ತುಂಡು ಫಾರ್ಮಲಿನ್ ತುಂಬಿದ ಬಾಟಲಿಯಲ್ಲಿ ನಮ್ಮಲ್ಲಿಗೆ ಬರುತ್ತದೆ. ಡಾಕ್ಟರು ಅದನ್ನು ಕೊಯ್ದು, ಬೇಕಾದ ಜಾಗಗಳಿಂದ ಚಿಕ್ಕ ಚಿಕ್ಕ ತುಂಡು ತೆಗೆದು ಪ್ಲಾಸ್ಟಿಕ್ಕಿನ ಕ್ಯಾಸೆಟ್‌ಗಳಲ್ಲಿ ಇಡುತ್ತಾರೆ. ನಾವು ಅದರ ನೀರಿನಂಶ ತೆಗೆದು ಮೇಣದಲ್ಲಿ ಹುದುಗಿಸುತ್ತೇವೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಸಾಬೂನಿನ ಚಿಕ್ಕ ತುಂಡಿನಷ್ಟಿರುತ್ತದೆ. ಅದರಿಂದ ಕೂದಲಿಗಿಂತ ತೆಳ್ಳಗೆ, ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಪದರ ಕತ್ತರಿಸಿ ಗಾಜಿನ ಮೇಲೆ ಹಚ್ಚಿ ಬಣ್ಣ ಹಾಕುವುದು ನಮ್ಮ ಕೆಲಸ. ನೋಡಿ ಕಾಯಿಲೆ ಯಾವುದೆಂದು ಹೇಳುವವರು ಪೆಥಾಲಜಿ ಡಾಕ್ಟರು.

ಪ್ರತಿ ಬ್ಲಾಕಿಗೂ ಒಂದು ನಂಬರ್ ಇರುತ್ತದೆ. ಉದಾಹರಣೆಗೆ ದೊಡ್ಡ ಕರುಳಿನ ಒಂದು ತುಂಡು ಬಂತು ಎಂದಿಟ್ಟುಕೊಳ್ಳಿ. ಕತ್ತರಿಸಿದ ಒಂದು ತುದಿಯ ಒಳ್ಳೆಯ ಭಾಗ ಎ-1, ಇನ್ನೊಂದು ತುದಿ ಎ-2. ಅಲ್ಲಿಗೆ ಗಡ್ಡೆ ಮುಟ್ಟಿದೆಯೋ ಇಲ್ಲವೋ ನೋಡಲು ಅವನ್ನು ಬೇರೆ ಇಡುವುದು. ಗಡ್ಡೆಯ ತುಂಡುಗಳು ಎ-3, ಎ-4, ಎ-5. ಈ ನಂಬರುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಲ್ಯಾಬಿನಲ್ಲಿ ‘ಕ್ವಾಲಿಟಿ’ ಎಂದರೆ ಒಂದು ಕಪಾಟು ತುಂಬ ಫೈಲು. ಫ್ರಿಜ್ಜಿನ ಉಷ್ಣತೆ ದಿನಕ್ಕೆರಡು ಸಲ ಬರೆಯಬೇಕು. ಫಾರ್ಮಲಿನ್ ಯಾವಾಗ ತಯಾರಿಸಿದ್ದು, ಬಾಟಲಿ ಎಷ್ಟು ಗಂಟೆಗೆ ಬಂತು, ಯಾರು ತೆಗೆದುಕೊಂಡರು, ಎಲ್ಲ ಬರೆಯಬೇಕು. ಇನ್‌ಸ್ಪೆಕ್ಷನ್ ಹತ್ತಿರ ಬಂದಾಗ ನಾವು ಕೆಲವರು ಒಂದು ವಾರದ ಉಷ್ಣತೆಯನ್ನು ಒಂದೇ ಪೆನ್ನಿನಲ್ಲಿ ಒಂದೇ ಸಲ ಬರೆದದ್ದೂ ಉಂಟು. ನಾಲ್ಕು ಡಿಗ್ರಿ, ನಾಲ್ಕು ಡಿಗ್ರಿ, ಐದು ಡಿಗ್ರಿ. ಯಾರಿಗೆ ಏನು ನಷ್ಟ ಎಂದುಕೊಳ್ಳುತ್ತಿದ್ದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದಿದ್ದರೆ ಮುಂದಿನ ಮಾತಿಗೆ ಅರ್ಥವಿಲ್ಲ.

ಉಪ್ಪನಿಗೆ ಉಪ್ಪಳದಲ್ಲಿ ಅಡಕೆ, ಕಾಳುಮೆಣಸಿನ ವ್ಯಾಪಾರ. ದೊಡ್ಡದೇನಲ್ಲ. ಒಂದು ಕೋಣೆ, ಒಂದು ತಕ್ಕಡಿ, ಗೋಡೆಗೆ ಒರಗಿಸಿದ ಹತ್ತಿಪ್ಪತ್ತು ಮೂಟೆ. 2018ರ ಮಳೆಗಾಲದಲ್ಲಿ ಅವರಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ನಮಗೆ ಹೇಳಲಿಲ್ಲ. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಯಾರೋ ಕೊಟ್ಟ ಬೇರಿನ ಕಷಾಯ ಕುಡಿಯುತ್ತಿದ್ದರು. ಮಗ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾನೆ, ಅವನಿಗೂ ಹೇಳಲಿಲ್ಲ. ಅಂಥ ಜಾಗದ ಮಾತನ್ನು ಮಕ್ಕಳ ಹತ್ತಿರ ಹೇಗೆ ಹೇಳುವುದು ಎಂದು ಆಮೇಲೆ ಹೇಳಿದರು. ಅಕ್ಟೋಬರಿನಲ್ಲಿ ಒಂದು ರಾತ್ರಿ ಹೊಟ್ಟೆ ಉಬ್ಬಿ ವಾಂತಿ ಶುರುವಾಯಿತು. ಮಂಗಳೂರಿನ ಒಂದು ಆಸ್ಪತ್ರೆಗೆ ಒಯ್ದೆವು. ನನ್ನ ಆಸ್ಪತ್ರೆ ಅಲ್ಲ, ಅವತ್ತು ಹಾಸಿಗೆ ಸಿಕ್ಕಿದ ಇನ್ನೊಂದು. ಎಡಬದಿಯ ಕರುಳು ಗಡ್ಡೆಯಿಂದ ಮುಚ್ಚಿಹೋಗಿತ್ತು. ಅದೇ ರಾತ್ರಿ ಆಪರೇಷನ್. ಸ್ಕ್ಯಾನಿನಲ್ಲಿ ಪಿತ್ತಕೋಶದ ಪಕ್ಕ ಯಕೃತ್ತಿನಲ್ಲೂ ಮೂರು ಕಡೆ ಕಲೆ ಕಂಡಿತು.

ಗಾಯ ಒಣಗಿದ ಮೇಲೆ ಕ್ಯಾನ್ಸರ್ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು. ಎರಡು ವಾರಕ್ಕೊಮ್ಮೆ ಕಿಮೊ ಕೊಡುತ್ತೇವೆ. ಅದರ ಜತೆ ಸೆಟುಕ್ಸಿಮಾಬ್ ಎಂಬ ಇನ್ನೊಂದು ಔಷಧ ಕೊಡಬಹುದು. ಗಡ್ಡೆ ಎಡಬದಿಯಲ್ಲಿ ಇರುವುದರಿಂದ ಒಳ್ಳೆಯ ಫಲ ಸಿಗುವ ಸಾಧ್ಯತೆ ಉಂಟು. ಆದರೆ ಮೊದಲು ಗಡ್ಡೆಯ ಜೀನ್ ಟೆಸ್ಟ್ ಮಾಡಿಸಬೇಕು.

ಆ ಔಷಧ ಹೇಗೆ ಕೆಲಸ ಮಾಡುತ್ತದೆ ಎಂದು ಉಪ್ಪನಿಗೆ ನಾನು ತೋಟದ ಪಂಪಿನ ಲೆಕ್ಕದಲ್ಲಿ ಹೇಳಿದ್ದೆ. ಪಂಪ್ ಶೆಡ್ಡಿನಲ್ಲಿ ಸ್ಟಾರ್ಟರ್ ಇರುತ್ತದೆ. ಹಸಿರು ಗುಂಡಿ ಒತ್ತಿದರೆ ಮೋಟರ್ ತಿರುಗುತ್ತದೆ. ಗಡ್ಡೆಯ ಕೋಶದ ಹೊರಮೈಯಲ್ಲಿ ಇಜಿಎಫ್‌ಆರ್ ಎಂಬ ಗುಂಡಿ ಉಂಟು. ಅದನ್ನು ಒತ್ತಿದಾಗ ‘ಬೆಳೆ’ ಎಂಬ ಸುದ್ದಿ ಒಳಗೆ ಹೋಗುತ್ತದೆ. ಸೆಟುಕ್ಸಿಮಾಬ್ ಆ ಗುಂಡಿಯನ್ನು ಯಾರೂ ಒತ್ತದಂತೆ ಮುಚ್ಚಿ ಕೂರುತ್ತದೆ. ಆದರೆ ಸ್ಟಾರ್ಟರಿನ ಒಳಗೆ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡಿದ್ದರೆ? ಗುಂಡಿಯನ್ನು ಎಷ್ಟು ಮುಚ್ಚಿದರೂ ಮೋಟರ್ ಓಡುತ್ತಲೇ ಇರುತ್ತದೆ. ಕೆಆರ್‌ಎಎಸ್, ಎನ್‌ಆರ್‌ಎಎಸ್ ಎಂಬ ಜೀನುಗಳಲ್ಲಿ ಬದಲಾವಣೆ ಆಗಿದ್ದರೆ ಹಾಗೆಯೇ. ಗುಂಡಿಯ ಕೆಳಗಿನ ಕೊಂಡಿ ಆನ್ ಆಗಿಯೇ ಉಳಿದಿರುತ್ತದೆ. ಔಷಧ ವ್ಯರ್ಥ.

2008ರ ಹೊತ್ತಿಗೆ ಇದು ದೊಡ್ಡ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. 2013ರಲ್ಲಿ ಕೆಆರ್‌ಎಎಸ್‌ನ ಒಂದೆರಡು ಜಾಗ ಮಾತ್ರ ನೋಡಿದರೆ ಸಾಲದು, ಎನ್‌ಆರ್‌ಎಎಸ್ ಸಹ ನೋಡಬೇಕು ಎಂದು ಗೊತ್ತಾಯಿತು. ಹರಡಿದ ಕರುಳು ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಜನರ ಗಡ್ಡೆಯಲ್ಲಿ ಈ ಎರಡರಲ್ಲಿ ಒಂದು ಕೆಟ್ಟಿರುತ್ತದೆ. ಅಂಥವರಿಗೆ ಈ ಔಷಧ ಕೊಟ್ಟರೆ ದುಡ್ಡು ಹೋಗುವುದು ಮಾತ್ರವಲ್ಲ. ಮೈಯೆಲ್ಲ ಮೊಡವೆಯಂಥ ಗುಳ್ಳೆ ಏಳುತ್ತದೆ, ರಕ್ತದಲ್ಲಿ ಮೆಗ್ನೀಷಿಯಂ ಇಳಿಯುತ್ತದೆ. ಉಪ್ಪನಿಗೆ ಕೊಡುತ್ತಿದ್ದಂಥ ಆಕ್ಸಾಲಿಪ್ಲಾಟಿನ್ ಇರುವ ಕಿಮೊದ ಜತೆ ಸೇರಿಸಿದಾಗ ಕಾಯಿಲೆ ಇನ್ನೂ ಬೇಗ ಬೆಳೆದದ್ದೂ ಕೆಲವು ಅಧ್ಯಯನಗಳಲ್ಲಿ ಕಂಡಿದೆ.

ಜೀನ್ ಎಂಬ ಶಬ್ದ ಕೇಳಿದ್ದೇ ತಡ, ಉಮ್ಮನ ಮುಖ ಬದಲಾಯಿತು. ಆಗ ತಂಗಿಗೆ ಕುಂಬಳೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮಾತು ಮುಕ್ಕಾಲು ಮುಗಿದಿತ್ತು. "ಮೋನೇ, ಈ ಟೆಸ್ಟ್ ಮಾಡಿಸಿದ್ದು ಹೊರಗೆ ಗೊತ್ತಾದರೆ ನಮ್ಮ ಮನೆತನದಲ್ಲೇ ಕಾಯಿಲೆ ಉಂಟು ಅಂತಾರೆ. ಯಾರಿಗೂ ಹೇಳಬೇಡ" ಎಂದರು. ರಿಪೋರ್ಟಿನ ಕವರನ್ನು ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿ ಇಟ್ಟಿದ್ದರು.

ನಾನು ಹೇಳಿದ್ದು ಇಷ್ಟು. ಈ ಟೆಸ್ಟ್ ನೋಡುವುದು ಗಡ್ಡೆಯ ಒಳಗೆ ಮಾತ್ರ ಆದ ಬದಲಾವಣೆಯನ್ನು. ಉಪ್ಪ ಹುಟ್ಟುವಾಗ ಅದು ಇರಲಿಲ್ಲ, ಉಪ್ಪನಿಂದ ನಮಗೆ ಬರುವುದೂ ಇಲ್ಲ. ವಂಶದಲ್ಲಿ ಬರುವ ಕರುಳು ಕ್ಯಾನ್ಸರ್ ಬೇರೆ ಉಂಟು. ಅದರ ಸುಳಿವು ಹುಡುಕಲು ನಾಲ್ಕು ಪ್ರೋಟೀನುಗಳನ್ನು ನೋಡುವ ಇನ್ನೊಂದು ಪರೀಕ್ಷೆ ಇದೆ. ಉಪ್ಪನದ್ದರಲ್ಲಿ ನಾಲ್ಕೂ ಸರಿ ಇದ್ದವು. ಉಮ್ಮ ಕೇಳಿ ತಲೆಯಾಡಿಸಿದರು. ಕವರ್ ಮಾತ್ರ ಬಟ್ಟೆಯ ಅಡಿಯಲ್ಲೇ ಉಳಿಯಿತು.

ಆಪರೇಷನ್ ಆದ ಆಸ್ಪತ್ರೆಯಿಂದ ಬ್ಲಾಕ್ ಒಂದು ದೊಡ್ಡ ಊರಿನ ಲ್ಯಾಬಿಗೆ ಹೋಯಿತು. ಹತ್ತು ದಿನದಲ್ಲಿ ರಿಪೋರ್ಟ್ ಬಂತು. ಬದಲಾವಣೆ ಕಂಡುಬಂದಿಲ್ಲ. ವೈಲ್ಡ್ ಟೈಪ್. ಅಂದರೆ ಕಾಡೂ ಅಲ್ಲ, ಕ್ರೂರವೂ ಅಲ್ಲ. ಜೀನು ಪ್ರಕೃತಿಯಲ್ಲಿ ಇರಬೇಕಾದಂತೆಯೇ ಇದೆ ಎಂದರ್ಥ. ಮನೆಯಲ್ಲಿ ಆ ದಿನ ಹಬ್ಬದ ಹಾಗೆ. ಶಾರ್ಜಾದಲ್ಲಿದ್ದ ಅಣ್ಣ ಫೋನಿನಲ್ಲೇ ಅತ್ತುಬಿಟ್ಟ. ಎಷ್ಟಾದರೂ ಆಗಲಿ ನಾನು ಕಳಿಸುತ್ತೇನೆ ಎಂದ. ಉಮ್ಮ ಬಳೆ ತೆಗೆದು ಮೇಜಿನ ಮೇಲಿಟ್ಟರು. ಆ ಔಷಧ ಒಂದೊಂದು ಸಲಕ್ಕೂ ಹತ್ತಾರು ಸಾವಿರ, ಅದೂ ತಿಂಗಳುಗಟ್ಟಲೆ.

ಇಶಾ ನಮಾಝ್ ಮುಗಿದ ಮೇಲೆ ನಾನು ರಿಪೋರ್ಟನ್ನು ಇನ್ನೊಮ್ಮೆ ತೆಗೆದು ಓದಿದೆ. ಮಗನಾಗಿ ಆಗಲೇ ಓದಿ ಆಗಿತ್ತು. ಈಗ ಓದಿದ್ದು ಟೆಕ್ನೀಷಿಯನ್ ಆಗಿ. ಮೇಲ್ಗಡೆ ಹೆಸರು, ವಯಸ್ಸು ಸರಿ. ಗಡ್ಡೆಯ ಕೋಶಗಳ ಶೇಕಡಾ ಪ್ರಮಾಣ ಎಂಬ ಜಾಗ ಖಾಲಿ. ಬ್ಲಾಕ್ ನಂಬರ್: ಎ-1.

ನಾನು ಎದ್ದು ಹೋಗಿ ಬಟ್ಟೆಯ ಅಡಿಯಿಂದ ಕವರ್ ತೆಗೆದೆ. ಅದರಲ್ಲಿ ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ರಿಪೋರ್ಟ್ ಇತ್ತು. ಕೊನೆಯ ಪುಟದಲ್ಲಿ ಬ್ಲಾಕುಗಳ ಪಟ್ಟಿ. ಎ-1, ಮೇಲ್ತುದಿಯ ಅಂಚು. ಅದರ ಮುಂದೆ: ಗಡ್ಡೆ ಇಲ್ಲ.

ಅಂದರೆ ಟೆಸ್ಟ್ ಮಾಡಿದ್ದು ಉಪ್ಪನ ಒಳ್ಳೆಯ ಕರುಳನ್ನು. ಅದರಲ್ಲಿ ಬದಲಾವಣೆ ಸಿಗದೆ ಇರುವುದು ಸಹಜ. ಹುಳು ಬಿದ್ದ ಮೂಟೆಯನ್ನು ಬಿಟ್ಟು ಪಕ್ಕದ ಮೂಟೆಯಿಂದ ಒಂದು ಹಿಡಿ ಅಡಕೆ ತೆಗೆದು ‘ಮಾಲು ಚೆನ್ನಾಗಿದೆ’ ಎಂದ ಹಾಗೆ. ಯಂತ್ರ ತಪ್ಪಿರಲಿಲ್ಲ, ರಾಸಾಯನಿಕ ತಪ್ಪಿರಲಿಲ್ಲ. ಕಪಾಟಿನಿಂದ ಬ್ಲಾಕ್ ತೆಗೆದ ಕೈ ತಪ್ಪಿತ್ತು. ತಲುಪಿದ ಮೇಲೆ ಆ ಲ್ಯಾಬಿನವರು ಒಂದು ಪದರ ಕತ್ತರಿಸಿ, ಬಣ್ಣ ಹಾಕಿ, ಡಾಕ್ಟರೊಬ್ಬರು ಮೈಕ್ರೋಸ್ಕೋಪಿನಲ್ಲಿ ನೋಡಿದ್ದರೆ ಅಲ್ಲೇ ಸಿಗುತ್ತಿತ್ತು. ಅದೂ ಆಗಿರಲಿಲ್ಲ. ಎರಡು ಬಾಗಿಲು ಇದ್ದವು, ಎರಡೂ ತೆರೆದೇ ಇದ್ದವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಲ್ಯಾಬಿನ ಮೇಲೆ ಸಿಟ್ಟು ಬಂದದ್ದಕ್ಕಲ್ಲ. ಕೆಲವು ವರ್ಷ ಹಿಂದೆ ನನ್ನ ಕೈಗೂ ಹೀಗೇ ಒಂದು ಚೀಟಿ ಬಂದಿತ್ತು. ‘ಜೀನ್ ಟೆಸ್ಟಿಗೆ ಬ್ಲಾಕ್ ಕೊಡಿ’ ಎಂದು ಮಾತ್ರ ಬರೆದಿತ್ತು, ಯಾವ ಬ್ಲಾಕ್ ಎಂದು ಇರಲಿಲ್ಲ. ಡಾಕ್ಟರು ರಜೆಯಲ್ಲಿದ್ದರು. ರೋಗಿಯ ಮಗ ಕೌಂಟರಿನಲ್ಲಿ ನಿಂತಿದ್ದ, ಬಸ್ಸಿಗೆ ಹೊತ್ತಾಗಿತ್ತು. ನಾನು ಡ್ರಾಯರ್ ಎಳೆದು ಮೊದಲು ಸಿಕ್ಕಿದ್ದನ್ನು ಕೊಟ್ಟಿದ್ದೆ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಿದ್ದೆ. ನಿಯಮ ಪ್ರಕಾರ ಎಲ್ಲ ಸರಿ ಇತ್ತು.

ಮರುದಿನ ಉಪ್ಪನ ಡಾಕ್ಟರಿಗೆ ಎರಡೂ ಕಾಗದ ತೋರಿಸಿದೆ. ಅವರು ಎರಡು ಸಲ ಓದಿದರು. ಏನೂ ಮಾತಾಡದೆ ಪೆಥಾಲಜಿ ವಿಭಾಗಕ್ಕೆ ಫೋನ್ ಮಾಡಿದರು. ಮಧ್ಯಾಹ್ನ ಅಲ್ಲಿನ ಡಾಕ್ಟರಮ್ಮ ಉಪ್ಪನ ಎಲ್ಲ ಗಾಜುಗಳನ್ನು ತೆಗೆಸಿ ನೋಡಿದರು. ಎ-4ರಲ್ಲಿ ಗಡ್ಡೆ ದಟ್ಟವಾಗಿತ್ತು. ಅವರು ಗಾಜಿನ ಮೇಲೆ ಪೆನ್ನಿನಿಂದ ಗಡ್ಡೆಯ ಭಾಗಕ್ಕೆ ಸುತ್ತು ಹಾಕಿ, ಗಡ್ಡೆಯ ಕೋಶ ಶೇಕಡಾ 60 ಎಂದು ಬರೆದು ಸಹಿ ಮಾಡಿದರು. ನನ್ನನ್ನೂ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಸಾವಿರಾರು ಗಾಜು ತಯಾರಿಸಿದವ ನಾನು. ಉಪ್ಪನ ಗಡ್ಡೆಯನ್ನು ನೋಡುವಾಗ ಕಣ್ಣು ಮಂಜಾಯಿತು.

ಈ ಸಲ ಇನ್ನೊಂದು ಲ್ಯಾಬಿಗೆ ಕಳಿಸಿದೆವು. ಉತ್ತರ ಬರುವವರೆಗೆ ಡಾಕ್ಟರು ಬರೀ ಕಿಮೊ ಶುರುಮಾಡಿದರು. ಹದಿಮೂರನೇ ದಿನ ರಿಪೋರ್ಟ್ ಬಂತು. ಕೆಆರ್‌ಎಎಸ್‌ನ 12ನೇ ಜಾಗದಲ್ಲಿ ಬದಲಾವಣೆ ಉಂಟು. ಗ್ಲೈಸಿನ್ ಇರಬೇಕಾದಲ್ಲಿ ಆಸ್ಪಾರ್ಟಿಕ್ ಆಮ್ಲ. ಕರುಳು ಕ್ಯಾನ್ಸರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕೆಆರ್‌ಎಎಸ್ ಬದಲಾವಣೆ ಇದೇ. ಸೆಟುಕ್ಸಿಮಾಬ್ ಕೊಡುವಂತಿಲ್ಲ.

ಮನೆಯಲ್ಲಿ ಯಾರೂ ನನಗೆ ಶಾಭಾಸ್ ಹೇಳಲಿಲ್ಲ. ಅಣ್ಣ ಫೋನಿನಲ್ಲಿ ಕೂಗಾಡಿದ. "ಒಳ್ಳೆ ರಿಪೋರ್ಟ್ ಬಂದಿತ್ತು. ನೀನು ಹೋಗಿ ಕೆದಕಿದೆ. ಈಗ ಔಷಧವೂ ಇಲ್ಲ. ದುಡ್ಡು ನಾನು ಕೊಡುತ್ತಿದ್ದೆ, ನಿನ್ನ ಹತ್ತಿರ ಕೇಳಿದ್ದೆನಾ?" ಉಮ್ಮ ಕೂಗಾಡಲಿಲ್ಲ. ಮೇಜಿನ ಮೇಲಿದ್ದ ಬಳೆಗಳನ್ನು ತೆಗೆದು ಮತ್ತೆ ಕೈಗೆ ಹಾಕಿಕೊಂಡರು. ಅದನ್ನು ನೋಡುವುದು ಅಣ್ಣನ ಬೈಗುಳಕ್ಕಿಂತ ಕಷ್ಟವಾಯಿತು.

ಉಪ್ಪ ಚಾಪೆಯಲ್ಲಿ ಒರಗಿ ಎಲ್ಲ ಕೇಳುತ್ತಿದ್ದರು. ಫೋನ್ ತಾವೇ ತೆಗೆದುಕೊಂಡು ಅಣ್ಣನಿಗೆ ಹೇಳಿದರು. "ತಕ್ಕಡಿ ತಪ್ಪಿದೆ ಅಂತ ಇವ ತೋರಿಸಿದ. ಸರಿ ತೂಗಿದಾಗ ಮಾಲು ಕಡಿಮೆ ಬಂತು. ಅದಕ್ಕೆ ತಕ್ಕಡಿಯನ್ನು ಬೈಯುವುದಾ, ತೂಗಿದವನನ್ನು ಬೈಯುವುದಾ? ಇದ್ದದ್ದು ಅಷ್ಟೇ ಮಾಲು."

ಉಪ್ಪ ತೂಕದ ವಿಷಯದಲ್ಲಿ ಬಹಳ ಗಟ್ಟಿ. ಅವಧಿಗೆ ಸರಿಯಾಗಿ ತಕ್ಕಡಿ, ಕಲ್ಲುಗಳನ್ನು ಒಯ್ದು ಸರಕಾರದ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಚಿಕ್ಕವನಿದ್ದಾಗ ನಾನೊಮ್ಮೆ ಕೇಳಿದ್ದೆ, ನೀವು ಮೋಸ ಮಾಡುವುದಿಲ್ಲವಲ್ಲ, ಮತ್ತೆ ಇದೆಲ್ಲ ಯಾಕೆ ಎಂದು. "ನಾನು ಮೋಸ ಮಾಡುವುದಿಲ್ಲ. ಕಲ್ಲು ಸವೆದರೆ ಅದು ನನಗೆ ಗೊತ್ತಾಗುದಿಲ್ಲ" ಎಂದಿದ್ದರು. ಕಪಾಟು ತುಂಬ ಇದ್ದ ಫೈಲುಗಳ ಅರ್ಥ ಅದೇ ಆಗಿತ್ತು. ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ.

ನಾನು ನನ್ನ ಲ್ಯಾಬಿನಲ್ಲಿ ನಮ್ಮ ದೊಡ್ಡ ಡಾಕ್ಟರ ಮುಂದೆ ಆ ಹಳೆಯ ಚೀಟಿಯ ವಿಷಯ ಹೇಳಿದೆ. ಕೆಲಸ ಹೋಗಬಹುದು ಎಂದು ಹೆದರಿಕೆ ಇತ್ತು. ಅವರು ರಿಜಿಸ್ಟರ್ ತರಿಸಿದರು. ಹಳೆಯ ಗಾಜು ಹುಡುಕಿಸಿ ನೋಡಿದರು. ನಾನು ಕೊಟ್ಟ ಬ್ಲಾಕಿನಲ್ಲಿ ಗಡ್ಡೆ ಇತ್ತು, ಆದರೆ ಬಹಳ ಕಡಿಮೆ. ಒಂದು ಮೂಲೆಯಲ್ಲಿ ಸ್ವಲ್ಪ. ಅದೇ ರೋಗಿಯ ಬೇರೆ ಬ್ಲಾಕುಗಳಲ್ಲಿ ಬೇಕಾದಷ್ಟಿತ್ತು.

ಕಡಿಮೆ ಇದ್ದರೆ ಏನಾಗುತ್ತದೆ ಎಂದು ಅವರು ನನಗೆ ಲೆಕ್ಕ ಹಾಕಿ ತೋರಿಸಿದರು. ತುಂಡಿನಲ್ಲಿ ನೂರರಲ್ಲಿ ಇಪ್ಪತ್ತು ಕೋಶ ಗಡ್ಡೆಯದ್ದು ಎಂದಿಟ್ಟುಕೊಳ್ಳಿ. ಪ್ರತಿ ಕೋಶದಲ್ಲಿ ಜೀನಿನ ಎರಡು ಪ್ರತಿ. ಬದಲಾವಣೆ ಆಗಿರುವುದು ಸಾಮಾನ್ಯವಾಗಿ ಒಂದರಲ್ಲಿ. ಅಲ್ಲಿಗೆ ಒಟ್ಟು ಡಿಎನ್‌ಎಯಲ್ಲಿ ಬದಲಾದದ್ದು ನೂರಕ್ಕೆ ಹತ್ತು ಮಾತ್ರ. ಸ್ಯಾಂಗರ್ ಎಂಬ ಹಳೆಯ ವಿಧಾನಕ್ಕೆ ನೂರಕ್ಕೆ ಹದಿನೈದು ಇಪ್ಪತ್ತು ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಹೊಸ ವಿಧಾನಗಳು ನೂರಕ್ಕೆ ಐದನ್ನೂ, ಅದಕ್ಕಿಂತ ಕಡಿಮೆಯನ್ನೂ ಹಿಡಿಯುತ್ತವೆ. ಹಾಗಾಗಿ ಗಡ್ಡೆ ಎಷ್ಟಿತ್ತು, ವಿಧಾನ ಯಾವುದು ಎಂದು ಹೇಳದೆ ‘ಕಂಡುಬಂದಿಲ್ಲ’ ಎಂದು ಬರೆದರೆ ಆ ಮಾತಿಗೆ ತೂಕವಿಲ್ಲ.

ಆ ರೋಗಿ ತೀರಿಹೋಗಿ ಎರಡು ವರ್ಷವಾಗಿತ್ತು. ಡಾಕ್ಟರು ಅವರಿಗೆ ಚಿಕಿತ್ಸೆ ಕೊಟ್ಟವರಿಗೆ ಪತ್ರ ಬರೆದರು, ತಪ್ಪುಗಳ ರಿಜಿಸ್ಟರಿನಲ್ಲಿ ದಾಖಲಿಸಿದರು. ನನ್ನ ಕೆಲಸ ಹೋಗಲಿಲ್ಲ. ಅಂದು ಕೌಂಟರಿನಲ್ಲಿ ನಿಂತಿದ್ದ ಆ ಹುಡುಗನ ಮುಖ ನೆನಪಾಗುತ್ತದೆ. ಬಸ್ಸು ತಪ್ಪಿದರೂ ಪರವಾಗಿಲ್ಲ, ನಾಳೆ ಬಾ ಎಂದು ನಾನು ಹೇಳಬೇಕಾಗಿತ್ತು.

ಈಗ ನಮ್ಮಲ್ಲಿ ಡಾಕ್ಟರು ಗಾಜು ನೋಡಿ, ನಂಬರ್ ಬರೆದು, ಗಡ್ಡೆಗೆ ಸುತ್ತು ಹಾಕಿ, ಶೇಕಡಾ ಬರೆಯದೆ ಒಂದು ಬ್ಲಾಕೂ ಹೊರಗೆ ಹೋಗುವುದಿಲ್ಲ. ಹೊಸ ಹುಡುಗರಿಗೆ ಅದನ್ನು ಕಲಿಸುವವ ನಾನೇ.

ಈ ಕೆಲಸದಲ್ಲಿ ಹೊರಗಿನವರು ಪರೀಕ್ಷೆ ಮಾಡುವ ಕ್ರಮವೂ ಉಂಟು. ನಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಮದ್ರಸದ ಪಬ್ಲಿಕ್ ಪರೀಕ್ಷೆ. ನಮ್ಮ ಉಸ್ತಾದರು ಎಷ್ಟೇ ಚೆನ್ನಾಗಿ ಕಲಿಸಲಿ, ಪ್ರಶ್ನೆ ಹೊರಗಿನಿಂದ ಬರುತ್ತದೆ, ಪೇಪರ್ ತಿದ್ದುವವರೂ ಬೇರೆ. ಹಾಗೆಯೇ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲುಗಳನ್ನು ಲ್ಯಾಬುಗಳಿಗೆ ಕಳಿಸಿ, ನೀವು ಏನು ಹೇಳುತ್ತೀರಿ ನೋಡೋಣ ಎನ್ನುತ್ತಾರೆ. 2009ರಲ್ಲಿ ಯುರೋಪಿನ 8 ದೇಶಗಳ 59 ಲ್ಯಾಬುಗಳಿಗೆ ಕೆಆರ್‌ಎಎಸ್ ಟೆಸ್ಟಿಗೆ ಹತ್ತು ಹತ್ತು ಸ್ಯಾಂಪಲ್ ಕಳಿಸಿದ್ದರು. ಹತ್ತನ್ನೂ ಸರಿ ಹೇಳಿದ್ದು ನೂರಕ್ಕೆ ಎಪ್ಪತ್ತು ಲ್ಯಾಬುಗಳು ಮಾತ್ರ. ನಮ್ಮ ಡಾಕ್ಟರು ಇದನ್ನು ಹೇಳಿದಾಗ ನಾನು ಅಚ್ಚರಿಪಟ್ಟೆ. ಅಷ್ಟು ದೊಡ್ಡ ದೇಶಗಳು, ಅಷ್ಟು ಯಂತ್ರಗಳು. ಇಂಥ ಪರೀಕ್ಷೆ ಆಗುತ್ತಲೇ ಇರಬೇಕು ಎನ್ನುವುದು ಇದಕ್ಕೇ. ನಮ್ಮ ದೇಶದಲ್ಲಿ ಎನ್‌ಎಬಿಎಲ್ ಮಾನ್ಯತೆ ಪಡೆದ ಲ್ಯಾಬುಗಳು ಇಂಥ ಪರೀಕ್ಷೆಗೆ ಕೂರಬೇಕು. ಆದರೆ ಮಾನ್ಯತೆ ಲ್ಯಾಬಿನ ಬೋರ್ಡಿಗಲ್ಲ, ಟೆಸ್ಟಿಗೆ. ಸಕ್ಕರೆ ಟೆಸ್ಟಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಜೀನ್ ಟೆಸ್ಟಿಗೂ ಇದೆ ಎಂದಲ್ಲ. ಪಟ್ಟಿಯಲ್ಲಿ ಆ ಟೆಸ್ಟಿನ ಹೆಸರು ಇದೆಯೇ ಎಂದು ಕೇಳಬಹುದು.

ಓದುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಗದ ಇದ್ದರೆ ಇಷ್ಟು ನೋಡಿ. ಬ್ಲಾಕ್ ನಂಬರ್ ಬರೆದಿದ್ದಾರಾ, ಅದು ಪೆಥಾಲಜಿ ರಿಪೋರ್ಟಿನಲ್ಲಿ ಗಡ್ಡೆಯ ಬ್ಲಾಕೇ ಹೌದಾ. ಗಡ್ಡೆಯ ಕೋಶ ಶೇಕಡಾ ಎಷ್ಟು ಎಂದು ಇದೆಯಾ. ಕೆಆರ್‌ಎಎಸ್ ಜತೆಗೆ ಎನ್‌ಆರ್‌ಎಎಸ್, ಬಿಆರ್‌ಎಎಫ್ ಸಹ ನೋಡಿದ್ದಾರಾ. ವಿಧಾನ ಯಾವುದು, ಅದು ಎಷ್ಟು ಕಡಿಮೆಯವರೆಗೆ ಹಿಡಿಯುತ್ತದೆ ಎಂದು ಬರೆದಿದ್ದಾರಾ. ಇಲ್ಲದಿದ್ದರೆ ಡಾಕ್ಟರ ಹತ್ತಿರ ಮರ್ಯಾದೆಯಿಂದಲೇ ಕೇಳಿ. ಒಳ್ಳೆಯ ಡಾಕ್ಟರು ಬೇಸರಪಡುವುದಿಲ್ಲ. ಬ್ಲಾಕುಗಳನ್ನು ಲ್ಯಾಬುಗಳು ವರ್ಷಗಟ್ಟಲೆ ಜೋಪಾನ ಮಾಡಿರುತ್ತವೆ. ಎರಡನೇ ಸಲ ಟೆಸ್ಟ್ ಬೇಕೆಂದರೆ ಬರೆದುಕೊಟ್ಟು ಕೇಳಿ ಪಡೆಯಬಹುದು. ಇನ್ನೊಂದು ಮಾತು. ಕೆಲವು ಕಡೆ ಆಪರೇಷನ್ನಿನ ತುಂಡನ್ನು ಬಾಟಲಿಯಲ್ಲಿ ಹಾಕಿ ಮನೆಯವರ ಕೈಯಲ್ಲೇ ಲ್ಯಾಬಿಗೆ ಕಳಿಸುತ್ತಾರೆ. ಅದನ್ನು ಕಾರಿನಲ್ಲಿಟ್ಟು ಊಟಕ್ಕೆ ಹೋಗಬೇಡಿ, ಮನೆಗೆ ಒಯ್ದು ನಾಳೆ ಕೊಡೋಣ ಎನ್ನಬೇಡಿ. ಬಾಟಲಿಯಲ್ಲಿ ನೀರಲ್ಲ, ಫಾರ್ಮಲಿನ್ ಇದೆಯಾ, ತುಂಡು ಪೂರ್ತಿ ಮುಳುಗಿದೆಯಾ ಎಂದು ಕೇಳಿ. ಅಲ್ಲಿ ಕೊಳೆತರೆ ಮುಂದೆ ಯಾವ ಯಂತ್ರಕ್ಕೂ ಅದನ್ನು ಸರಿಮಾಡಲು ಆಗುವುದಿಲ್ಲ.

ಉಪ್ಪನಿಗೆ ಕಿಮೊದ ಜತೆ, ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೇರೊಂದು ಔಷಧ ಕೊಟ್ಟರು. ಅದಕ್ಕೆ ಈ ಜೀನಿನ ಅಡ್ಡಿ ಇಲ್ಲ. ಕಲೆಗಳು ಕುಗ್ಗಿದವು. ಆ ಕಿಮೊದಿಂದ ಅವರಿಗೆ ತಣ್ಣೀರು ಮುಟ್ಟಲಾಗುತ್ತಿರಲಿಲ್ಲ, ಬೆರಳಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಉಮ್ಮ ದಿನಕ್ಕೆ ಐದು ಸಲ ವುಳೂಗೆ ನೀರು ಬೆಚ್ಚಗೆ ಮಾಡಿ ಕೊಡುತ್ತಿದ್ದರು. 2019ರ ಶವ್ವಾಲಿನಲ್ಲಿ ತಂಗಿಯ ನಿಕಾಹ್ ಆಯಿತು. ಕುಂಬಳೆಯ ಅದೇ ಸಂಬಂಧ. ಹುಡುಗನ ಮನೆಯವರಿಗೆ ಉಮ್ಮನೇ ಎಲ್ಲ ಹೇಳಿದರು, ಕವರ್ ಸಮೇತ. ಉಪ್ಪ ಕುರ್ಚಿಯಲ್ಲಿ ಕೂತು, ಹುಡುಗನ ಕೈ ಹಿಡಿದು ತಾವೇ ನಿಕಾಹ್ ಮಾಡಿಕೊಟ್ಟರು.

2020ರ ಜನವರಿಯಲ್ಲಿ ಉಪ್ಪ ತೀರಿಕೊಂಡರು. ಎರಡು ತಿಂಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿತು. ನಮ್ಮ ಕಡೆಯ ಎಷ್ಟೋ ರೋಗಿಗಳು ಮಂಗಳೂರಿನ ಆಸ್ಪತ್ರೆ ಕಣ್ಣಳತೆಯಲ್ಲಿದ್ದರೂ ದಾಟಲಾಗದೆ ನಿಂತರು, ಕೆಲವರು ಅಲ್ಲೇ ಹೋದರು. ಉಪ್ಪನ ಪಾಲಿಗೆ ಆ ದಿನ ನೋಡುವುದು ಇರಲಿಲ್ಲ. ಅಲ್‌ಹಮ್ದುಲಿಲ್ಲಾಹ್.

ಅಣ್ಣ ಆಮೇಲೆ ಊರಿಗೆ ಬಂದಾಗ ಹಳೆಯ ಮಾತು ಎತ್ತಲಿಲ್ಲ. ಒಂದು ಬೆಳಿಗ್ಗೆ ಅವನೇ, "ಬಾ, ನಾವಿಬ್ಬರೂ ಆ ಕ್ಯಾಮೆರಾ ಹಾಕಿ ನೋಡುವ ಟೆಸ್ಟ್ ಮಾಡಿಸುವ" ಎಂದ. ತಂದೆಗೆ ಕರುಳು ಕ್ಯಾನ್ಸರ್ ಬಂದಿದ್ದರೆ ಮಕ್ಕಳು ನಲವತ್ತಕ್ಕೆ ಕೊಲೊನೋಸ್ಕೋಪಿ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಇಬ್ಬರೂ ಹೋದೆವು. ಅಣ್ಣನಲ್ಲಿ ಒಂದು ಚಿಕ್ಕ ಗಂಟು ಸಿಕ್ಕಿತು, ಅಲ್ಲೇ ತೆಗೆದರು. ಅದರ ಬ್ಲಾಕ್ ನಮ್ಮ ಲ್ಯಾಬಿನಲ್ಲೇ ಆಯಿತು. ನಂಬರನ್ನು ಮೂರು ಸಲ ನೋಡಿದೆ. ಅದು ಕ್ಯಾನ್ಸರ್ ಆಗಿರಲಿಲ್ಲ.

ಚಿಕ್ಕಮ್ಮನ ಮಗಳು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಬ್ಲಾಕ್ ನಂಬರ್ ಇತ್ತು. ಪೆಥಾಲಜಿ ರಿಪೋರ್ಟ್ ಸಹ ಕಳಿಸು ಎಂದೆ. ಕಳಿಸಿದಳು. ಗಡ್ಡೆಯ ಬ್ಲಾಕೇ ಹೌದು. ಶೇಕಡಾ 50. ಜೀನುಗಳ ಹೆಸರು, ವಿಧಾನ, ಎಲ್ಲ ಸರಿಯಾಗಿ ಬರೆದಿದ್ದರು.

"ವೈಲ್ಡ್ ಅಂದ್ರೆ ಇಲ್ಲಿ ಒಳ್ಳೆಯದು" ಎಂದೆ. "ಈ ಟೆಸ್ಟಿನಿಂದ ನಿನ್ನ ಮಕ್ಕಳಿಗೆ ಏನೂ ಇಲ್ಲ. ನಿನ್ನ ಗಂಡನಿಗೆ ನಲವತ್ತು ಆದಾಗ ನನಗೆ ಫೋನ್ ಮಾಡಲಿಕ್ಕೆ ಹೇಳು. ಮಾವನಿಗೆ ನನ್ನ ಸಲಾಂ ತಿಳಿಸು."